ಮೂತಿಯಲ್ಲಿ ಬಾಲವಿರುವ ವಿಮಾನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ದಾವಣಗೆರೆಯಲ್ಲಿ ನನ್ನದು ಬೋರ್‌ವೆಲ್ ಮೋಟಾರುಗಳ ರಿವೈಂಡಿಂಗ್ ಅಂಗಡಿ. ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ನಮ್ಮ ಸೋದರಮಾವನವರು ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಒಂದು ಮಾದರಿ ವಿಮಾನದ ನಕ್ಷೆ ಸಿಕ್ಕಿತು. ಅದು ಇಂಗ್ಲಿಷಿನಲ್ಲಿದೆ, ಅಳತೆಗಳೆಲ್ಲ ಇಂಚಿನಲ್ಲಿವೆ, ಮಡಿಕೆಯ ಗೆರೆಗಳಲ್ಲಿ ಹರಿದಿದೆ. ದೊಡ್ಡ ರೆಕ್ಕೆ ಹಿಂದೆ ಇದೆ, ಚಿಕ್ಕದು ಮೂತಿಯ ಬಳಿ ಇದೆ, ಎಂಜಿನ್ ಕೊನೆಯಲ್ಲಿ ಕೂತು ಹಿಂದಿನಿಂದ ತಳ್ಳುತ್ತದೆ. ದೊಡ್ಡ ರೆಕ್ಕೆ 48 ಇಂಚು ಉದ್ದ, 8 ಇಂಚು ಅಗಲ. ಚಿಕ್ಕದು 20 ಇಂಚು ಉದ್ದ, 5 ಇಂಚು ಅಗಲ. ಎರಡರ ಮುಂಅಂಚುಗಳ ನಡುವೆ 21¼ ಇಂಚು ಅಂತರ. 1.5 ಸಿ.ಸಿ. ಡೀಸೆಲ್ ಎಂಜಿನ್, ಮೂತಿಯಲ್ಲಿ 3 ಔನ್ಸ್ ಸೀಸ ಎಂದು ಬರೆದಿದೆ. ದೇಹದೊಳಗೆ ಉದ್ದಕ್ಕೂ ಒಂದು ರಬ್ಬರ್ ಎಳೆಯನ್ನು ತೋರಿಸಿದ್ದಾರೆ, ಅದು ಏಕೆಂದು ತಿಳಿಯಲಿಲ್ಲ. ತೂಕದ ಕೇಂದ್ರದ ಗುರುತು ದೊಡ್ಡ ರೆಕ್ಕೆಗಿಂತ 3½ ಇಂಚು ಮುಂದೆ, ಅಂದರೆ ಯಾವ ರೆಕ್ಕೆಯೂ ಇಲ್ಲದ ಜಾಗದಲ್ಲಿದೆ. ಇದು ಅಚ್ಚಿನ ತಪ್ಪಲ್ಲವೇ? ಈಗಿನ ರೇಡಿಯೊ ಮತ್ತು ವಿದ್ಯುತ್ ಮೋಟಾರ್ ಹಾಕಿ ಇದನ್ನು ಹಾರಿಸಬಹುದೇ?

ಉತ್ತರ: ಹಾರಿಸಬಹುದು. ಅಚ್ಚಿನ ತಪ್ಪಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಂಥ ನಕ್ಷೆ ಕೈಗೆ ಬಂದವರು ಆ ಗುರುತನ್ನು ‘ತಿದ್ದಿ’ ರೆಕ್ಕೆಯ ಮೇಲಕ್ಕೆ ತಂದುಕೊಂಡು ಮೊದಲ ದಿನವೇ ವಿಮಾನವನ್ನು ಕಳೆದುಕೊಳ್ಳುತ್ತಾರೆ. ನಿಮ್ಮ ಸೋದರಮಾವನವರು ಕಾಯ್ದಿಟ್ಟದ್ದು ಕನಾರ್ಡ್ ಎಂದು ಕರೆಯುವ ಜಾತಿಯ ವಿಮಾನ. ಆ ಫ್ರೆಂಚ್ ಪದಕ್ಕೆ ಬಾತುಕೋಳಿ ಎಂದು ಅರ್ಥ. ಕತ್ತು ಮುಂದಕ್ಕೆ ಚಾಚಿ, ರೆಕ್ಕೆಯನ್ನು ಹಿಂದಿಟ್ಟುಕೊಂಡು ಹಾರುವ ಬಾತುಕೋಳಿಯನ್ನು ನೋಡಿದವರಿಗೆ ಹೆಸರಿನ ಕಾರಣ ಕೇಳಬೇಕಾಗಿಲ್ಲ. ವಿಚಿತ್ರವಾಗಿ ಕಂಡರೂ ಇದು ಹಳೆಯ ರೂಪವೇ: 1903ರ ಡಿಸೆಂಬರ್ 17ರಂದು ರೈಟ್ ಸಹೋದರರು ಹಾರಿಸಿದ ವಿಮಾನದಲ್ಲಿಯೂ ಮೂತಿಯನ್ನು ಏರಿಸಿ ಇಳಿಸುವ ಪಟ್ಟಿಗಳು ಮುಂದೆಯೇ ಇದ್ದವು. ಅಮೆರಿಕದ ಬರ್ಟ್ ರುಟಾನ್ 1970ರ ದಶಕದಲ್ಲಿ ಮನೆಯಲ್ಲೇ ಕಟ್ಟಿಕೊಳ್ಳಬಹುದಾದ ಸಣ್ಣ ವಿಮಾನಗಳಿಗೆ ಈ ರೂಪವನ್ನು ಮತ್ತೆ ತಂದರು. ನಮ್ಮಲ್ಲಿ 1980ರ ದಶಕದಲ್ಲಿ ಬೆಂಗಳೂರಿನ ಎನ್‌ಎಎಲ್ ಎಂಬ ವಿಮಾನ ಸಂಶೋಧನಾ ಸಂಸ್ಥೆಯಲ್ಲಿ ರುಸ್ತುಂ ದಮಾನಿಯಾ ಅವರ ತಂಡ ಒಂದು ಹಗುರ ಕನಾರ್ಡ್ ಸಂಶೋಧನಾ ವಿಮಾನವನ್ನು ಕಟ್ಟಿತು. ಮುಂದೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಅದರಿಂದಲೇ ರೂಪಿಸಿದ ಮಾನವರಹಿತ ವಿಮಾನಕ್ಕೆ ‘ರುಸ್ತುಂ’ ಎಂದು ಹೆಸರಿಟ್ಟದ್ದು ಅವರ ನೆನಪಿಗಾಗಿ.

ಈಗ ಆ ಗುರುತಿನ ವಿಚಾರ. ಇದನ್ನು ನೀವೇ ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ಯಾವುದೇ ರೆಕ್ಕೆಯ ಎತ್ತುವ ಬಲ ಅದರ ಅಗಲದ ಮೊದಲ ಕಾಲು ಭಾಗದ ಬಿಂದುವಿನಲ್ಲಿ ಕೇಂದ್ರೀಕರಿಸಿದೆ ಎಂದು ಹಿಡಿಯುವುದು ವಾಡಿಕೆ. ದೊಡ್ಡ ರೆಕ್ಕೆಯಲ್ಲಿ ಆ ಬಿಂದು ಮುಂಅಂಚಿನಿಂದ 2 ಇಂಚು ಹಿಂದೆ, ಚಿಕ್ಕದರಲ್ಲಿ 1¼ ಇಂಚು ಹಿಂದೆ ಬರುತ್ತದೆ. ಆದ್ದರಿಂದ ಎರಡು ಬಿಂದುಗಳ ನಡುವಿನ ಅಂತರ 22 ಇಂಚು. ದೊಡ್ಡದರ ವಿಸ್ತೀರ್ಣ 384 ಚದರ ಇಂಚು, ಚಿಕ್ಕದರದು 100, ಒಟ್ಟು 484. ಇಬ್ಬರು ಹೊರುವ ಅಡ್ಡೆಯಂತೆ ಇದನ್ನು ಯೋಚಿಸಿ: 22 ಇಂಚನ್ನು 100ರಿಂದ ಗುಣಿಸಿ 484ರಿಂದ ಭಾಗಿಸಿದರೆ ಸುಮಾರು 4½ ಇಂಚು ಬರುತ್ತದೆ. ದೊಡ್ಡ ರೆಕ್ಕೆಯ ಕಾಲುಬಿಂದುವಿನಿಂದ ಇಷ್ಟು ಮುಂದೆ, ಅಂದರೆ ಅದರ ಮುಂಅಂಚಿಗಿಂತ ಸುಮಾರು 2½ ಇಂಚು ಮುಂದೆ, ಈ ವಿಮಾನದ ತಟಸ್ಥ ಬಿಂದು (ಗಾಳಿ ತಳ್ಳಿದಾಗ ಎರಡೂ ರೆಕ್ಕೆಗಳಲ್ಲಿ ಹೆಚ್ಚುವ ಬಲ ಒಟ್ಟಾಗಿ ಬೀಳುವ ಜಾಗ) ಇದೆ. ಚಿಕ್ಕ ರೆಕ್ಕೆಯು ಉದ್ದಕ್ಕೆ ಹೋಲಿಸಿದರೆ ಅಗಲವಾಗಿರುವುದರಿಂದ ಅದರ ಸಾಮರ್ಥ್ಯ ತುಸು ಕಡಿಮೆ. ಅದು ಕೆಳಕ್ಕೆ ತಳ್ಳಿದ ಗಾಳಿ ದೊಡ್ಡ ರೆಕ್ಕೆಯ ಸಾಮರ್ಥ್ಯವನ್ನೂ ತುಸು ತಗ್ಗಿಸುತ್ತದೆ. ನಿಮ್ಮ ಅಳತೆಗಳಲ್ಲಿ ಈ ಎರಡು ತಿದ್ದುಪಡಿಗಳು ಹೆಚ್ಚುಕಡಿಮೆ ಒಂದನ್ನೊಂದು ಹೊಡೆದುಹಾಕುವುದರಿಂದ ಸರಳ ಲೆಕ್ಕವೇ ಸಾಕು.

ತೂಕದ ಕೇಂದ್ರವು ತಟಸ್ಥ ಬಿಂದುವಿಗಿಂತ ಮುಂದಿದ್ದರೆ ಮಾತ್ರ ವಿಮಾನವು ಗಾಳಿ ತಳ್ಳಿದಾಗ ತಾನಾಗಿ ಸರಿಹೋಗುತ್ತದೆ. ನಕ್ಷೆಯ 3½ ಇಂಚಿನ ಗುರುತು ತಟಸ್ಥ ಬಿಂದುವಿಗಿಂತ ಒಂದು ಇಂಚಿನಷ್ಟು ಮುಂದಿದೆ. ನಕ್ಷೆ ಬರೆದವರಿಗೆ ತಾವು ಏನು ಮಾಡುತ್ತಿದ್ದೇವೆಂದು ಚೆನ್ನಾಗಿ ಗೊತ್ತಿತ್ತು. ಆದರೆ ಮೊದಲ ಹಾರಾಟಗಳಿಗೆ ನೀವು ಇನ್ನೂ ಮುಂದೆ ಹೋಗಿ, ಮುಂಅಂಚಿಗಿಂತ 4¼ ಇಂಚು, ಅಂದರೆ 108 ಮಿ.ಮೀ. ಮುಂದೆ ತೂಕ ನಿಲ್ಲುವಂತೆ ಮಾಡಿಕೊಳ್ಳಿ. ಆಗ ಚಿಕ್ಕ ರೆಕ್ಕೆಯು ವಿಸ್ತೀರ್ಣದಲ್ಲಿ ಐದನೇ ಒಂದು ಪಾಲಾಗಿದ್ದರೂ ಒಟ್ಟು ತೂಕದ ಕಾಲು ಭಾಗಕ್ಕಿಂತ ಹೆಚ್ಚನ್ನು ಹೊರುತ್ತದೆ. ಈ ಅನ್ಯಾಯವೇ ನಮಗೆ ಬೇಕಾದದ್ದು. ವೇಗ ತೀರ ತಗ್ಗಿದಾಗ ಹೆಚ್ಚು ಹೊರೆ ಹೊತ್ತ ಚಿಕ್ಕ ರೆಕ್ಕೆ ಮೊದಲು ಸೋಲುತ್ತದೆ, ಅಂದರೆ ಎತ್ತುವ ಬಲ ಕಳೆದುಕೊಳ್ಳುತ್ತದೆ, ಮೂತಿ ಮೆಲ್ಲನೆ ಬಾಗುತ್ತದೆ, ವೇಗ ಮರಳಿ ಬರುತ್ತದೆ, ದೊಡ್ಡ ರೆಕ್ಕೆ ಸೋಲುವ ಸಂದರ್ಭವೇ ಬರುವುದಿಲ್ಲ. ತೂಕ ಹಿಂದಕ್ಕೆ ಸರಿದರೆ ಕ್ರಮ ತಲೆಕೆಳಗಾಗಿ ದೊಡ್ಡ ರೆಕ್ಕೆ ಮೊದಲು ಸೋಲುತ್ತದೆ, ಹಿಂಭಾಗ ಕುಸಿದು ಮೂತಿ ಆಕಾಶ ನೋಡುತ್ತದೆ, ಆಮೇಲೆ ರೇಡಿಯೊದ ಕೋಲನ್ನು ಎತ್ತ ಅಲುಗಿಸಿದರೂ ಪ್ರಯೋಜನವಿಲ್ಲ.

ಇದಕ್ಕೆ ಜೊತೆಯಾಗಿ ಚಿಕ್ಕ ರೆಕ್ಕೆಯ ಓರೆಯನ್ನೂ ಕಾಯ್ದುಕೊಳ್ಳಬೇಕು. ಅದು ದೊಡ್ಡ ರೆಕ್ಕೆಗಿಂತ ಸುಮಾರು 3 ಡಿಗ್ರಿ ಹೆಚ್ಚು ಮೇಲ್ಮುಖವಾಗಿರಲಿ. 5 ಇಂಚಿನ ಅಗಲಕ್ಕೆ ಅದು ಮುಂಅಂಚು ಹಿಂಅಂಚಿಗಿಂತ 6.5 ಮಿ.ಮೀ. ಎತ್ತರ ಎಂದಾಗುತ್ತದೆ. ಚಿಕ್ಕ ರೆಕ್ಕೆಯ ಮೇಲ್ಮೈಯನ್ನು ಬೇರೆಲ್ಲ ಭಾಗಗಳಿಗಿಂತ ನಯವಾಗಿ ಮುಗಿಸಿ. ರುಟಾನ್ ಅವರ ವಿಮಾನಗಳಲ್ಲಿ ಮುಂದಿನ ರೆಕ್ಕೆಯ ಮೇಲೆ ಮಳೆಹನಿ ಕೂತರೆ ಅದರ ಎತ್ತುವ ಬಲ ತಗ್ಗಿ ಮೂತಿ ಬಾಗುತ್ತಿತ್ತು, ಅದಕ್ಕಾಗಿ ಮುಂದೆ ಆ ರೆಕ್ಕೆಯ ಅಡ್ಡಕೊಯ್ತದ ಆಕಾರವನ್ನೇ ಬದಲಾಯಿಸಬೇಕಾಯಿತು. ಹನಿಗಳು ಮಾಡಿದ್ದನ್ನು ಸುಕ್ಕುಗಟ್ಟಿದ ಹೊದಿಕೆಯೂ ಮಾಡೀತು.

ಎಂಜಿನ್ ಬಗ್ಗೆ ನಿಮಗೆ ಹೇಳುವುದು ಸುಲಭ. ಆ ಕಾಲದ ಸಣ್ಣ ಡೀಸೆಲ್ ಎಂಜಿನ್ನುಗಳು ಈಥರ್, ಸೀಮೆಎಣ್ಣೆ ಮತ್ತು ಹರಳೆಣ್ಣೆಯ ಮಿಶ್ರಣದಲ್ಲಿ ಓಡುತ್ತಿದ್ದವು. ಈಥರ್ ಹುಡುಕಿಕೊಂಡು ಅಲೆಯುವುದಕ್ಕಿಂತ ಬ್ರಷ್‌ಲೆಸ್ ಮೋಟಾರ್ ಹಾಕುವುದೇ ಮೇಲು. ಅದಕ್ಕೂ ನೀವು ದಿನವೂ ಬಿಚ್ಚುವ ಬೋರ್‌ವೆಲ್ ಮೋಟಾರಿಗೂ ಮೂರು ತಂತಿಗಳ ಸಂಬಂಧವಿದೆ: ಎರಡನ್ನು ಅದಲುಬದಲು ಮಾಡಿದರೆ ತಿರುಗುವ ದಿಕ್ಕು ಬದಲಾಗುತ್ತದೆ. ಇಲ್ಲಿ ನೀವು ಹಾಗೆ ಮಾಡಲೇಬೇಕು. ಪೇಟೆಯಲ್ಲಿ ಸಿಗುವ ಸಾಮಾನ್ಯ ಪ್ರೊಪೆಲ್ಲರನ್ನು, ಅಳತೆ ಅಚ್ಚಾಗಿರುವ ಮುಖ ವಿಮಾನದ ಮೂತಿಯ ಕಡೆ ಇರುವಂತೆ ಹಿಂದೆ ಜೋಡಿಸಿ, ಹಿಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗಿಸಬೇಕು. ಆದರೆ ದಿಕ್ಕು ಬದಲಾದ ಕೂಡಲೇ ಪ್ರೊಪೆಲ್ಲರ್ ಹಿಡಿದ ನಟ್ಟು ಬಿಗಿಯಾಗುವ ಬದಲು ಸಡಿಲವಾಗತೊಡಗುತ್ತದೆ. ನೈಲಾನ್ ಬಳೆಯಿರುವ ಲಾಕ್‌ನಟ್ ಹಾಕದೆ ಓಡಿಸಬೇಡಿ. ಸುಮಾರು 50 ಗ್ರಾಂ ತೂಗುವ ಮೋಟಾರ್, 8 ಇಂಚಿನ ಪ್ರೊಪೆಲ್ಲರ್, ಮೂರು ಸೆಲ್ಲುಗಳ 1300 ಎಂಎಎಚ್ ಲಿಥಿಯಂ ಪಾಲಿಮರ್ ಬ್ಯಾಟರಿ ಈ ಗಾತ್ರಕ್ಕೆ ಸಾಲುತ್ತವೆ. ಡೀಸೆಲ್ ಎಂಜಿನ್ನು ಈ ಮೋಟಾರಿನ ಎರಡರಷ್ಟು ತೂಗುತ್ತಿತ್ತು, ಅದನ್ನು ಸರಿದೂಗಿಸಲೆಂದೇ ಮೂತಿಯಲ್ಲಿ 3 ಔನ್ಸ್, ಅಂದರೆ 85 ಗ್ರಾಂ ಸೀಸ ಬೇಕಾಗಿತ್ತು. ಈಗ ಹಿಂದಿನ ಹೊರೆ ಇಳಿಯಿತು, ಸುಮಾರು 110 ಗ್ರಾಂ ತೂಗುವ ಬ್ಯಾಟರಿಯೇ ಸೀಸದ ಜಾಗದಲ್ಲಿ ಕೂರುತ್ತದೆ. ಹಳೆಯ ನಕ್ಷೆಗೆ ವಿದ್ಯುತ್ ಮೋಟಾರ್ ಇಷ್ಟು ಚೆನ್ನಾಗಿ ಹೊಂದುವುದು ಅಪರೂಪ. ಬ್ಯಾಟರಿಯ ಗೂಡನ್ನು ಮಾತ್ರ ಎರಡು ಇಂಚು ಉದ್ದ ಹೆಚ್ಚಿಸಿ. ಅದನ್ನು ಹಿಂದೆ ಮುಂದೆ ಸರಿಸುವುದರಿಂದಲೇ ನೀವು ತೂಕ ಹೊಂದಿಸಬೇಕು.

ನಿಮಗೆ ಅರ್ಥವಾಗದ ಆ ರಬ್ಬರ್ ಎಳೆ ಹಿಂದಿನ ಕಾಲದ ರೇಡಿಯೊ ನಿಯಂತ್ರಣದ ಜೀವಾಳ. ಆಗಿನ ಅಗ್ಗದ ರೇಡಿಯೊ ‘ಇದೆ’ ಅಥವಾ ‘ಇಲ್ಲ’ ಎಂಬ ಒಂದೇ ಸಂಕೇತವನ್ನು ಕಳಿಸುತ್ತಿತ್ತು. ಗುಂಡಿ ಒತ್ತಿದಾಗ ಎಸ್ಕೇಪ್‌ಮೆಂಟ್ ಎಂಬ ಪುಟ್ಟ ಕೊಕ್ಕೆ ಬಿಡುಗಡೆಯಾಗಿ, ತಿರುಚಿಟ್ಟ ರಬ್ಬರಿನ ಬಲದಿಂದ ರಡ್ಡರ್ (ವಿಮಾನವನ್ನು ಎಡಬಲಕ್ಕೆ ತಿರುಗಿಸುವ ಪಟ್ಟಿ) ಎಡಕ್ಕೆ ವಾಲುತ್ತಿತ್ತು. ಬಿಟ್ಟರೆ ನಡುವಿಗೆ, ಮತ್ತೆ ಒತ್ತಿದರೆ ಬಲಕ್ಕೆ. ಮುಂದಿನ ಒತ್ತು ಎಡವೋ ಬಲವೋ ಎಂಬುದನ್ನು ಹಾರಿಸುವವನೇ ನೆನಪಿಟ್ಟುಕೊಳ್ಳಬೇಕಿತ್ತು! ಈಗ 2.4 ಗಿಗಾಹರ್ಟ್ಸ್ ರೇಡಿಯೊ ಮತ್ತು ಪಟ್ಟಿಗಳನ್ನು ಅಲುಗಿಸುವ ಪುಟ್ಟ ಮೋಟಾರುಗಳಾದ 9 ಗ್ರಾಂ ಸರ್ವೊಗಳು ಇರುವುದರಿಂದ ಆ ಏರ್ಪಾಡನ್ನು ಪೂರ್ತಿ ಬಿಟ್ಟುಬಿಡಿ. ಚಿಕ್ಕ ರೆಕ್ಕೆಯ ಹಿಂಅಂಚಿಗೆ ಎಲಿವೇಟರ್ (ಮೂತಿಯನ್ನು ಏರಿಸಿ ಇಳಿಸುವ ಪಟ್ಟಿ), ದೊಡ್ಡ ರೆಕ್ಕೆಯ ಹೊರತುದಿಗಳ ಬಳಿ ಏಲರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ಪಟ್ಟಿ) ಕೊಟ್ಟರೆ ರಡ್ಡರ್ ಇಲ್ಲದೆಯೂ ನಡೆಯುತ್ತದೆ. ಸಂಕೇತ ಕಡಿದುಹೋದರೆ ಮೋಟಾರ್ ನಿಲ್ಲುವಂತೆ ರಿಸೀವರಿನಲ್ಲಿ ಮೊದಲೇ ಹೊಂದಿಸಿಡಿ. ರೆಕ್ಕೆಯ ತುದಿಗಳಲ್ಲಿ ನಿಂತಿರುವ ಲಂಬ ಪಟ್ಟಿಗಳು ದೊಡ್ಡದಾಗಿ ಕಂಡವೆಂದು ಕತ್ತರಿಸಬೇಡಿ. ಈ ಜಾತಿಯ ವಿಮಾನದಲ್ಲಿ ತೂಕದ ಕೇಂದ್ರಕ್ಕೂ ಆ ಪಟ್ಟಿಗಳಿಗೂ ದೂರ ಕಡಿಮೆ, ಉದ್ದ ಮೂತಿಯೋ ಸದಾ ಅಡ್ಡಕ್ಕೆ ತಿರುಗಲು ನೋಡುತ್ತಿರುತ್ತದೆ.

ಮೂಲ ನಕ್ಷೆಯನ್ನೇ ಕತ್ತರಿಸಬೇಡಿ ಎಂದು ಹೇಳಬೇಕಾಗಿಲ್ಲ ಎಂದುಕೊಳ್ಳುತ್ತೇನೆ. ನಿಮ್ಮೂರಿನ ಇಂಜಿನಿಯರಿಂಗ್ ಕಾಲೇಜುಗಳ ಸುತ್ತಲಿನ ಜೆರಾಕ್ಸ್ ಅಂಗಡಿಗಳಲ್ಲಿ ದೊಡ್ಡ ಹಾಳೆಯ ಪ್ರತಿ ತೆಗೆಯುತ್ತಾರೆ. ಹಳೆಯ ಕಾಗದ ಉದ್ದಕ್ಕೂ ಅಗಲಕ್ಕೂ ಒಂದೇ ಸಮ ಕುಗ್ಗಿರುವುದಿಲ್ಲ, ಯಂತ್ರವೂ ತನ್ನ ಪಾಲಿನ ತಪ್ಪನ್ನು ಸೇರಿಸುತ್ತದೆ, ಆದುದರಿಂದ ಪ್ರತಿಯ ಮೇಲೆ ಎರಡೂ ದಿಕ್ಕಿನಲ್ಲಿ ಅಳೆದು ನೋಡಿ. ರೆಕ್ಕೆಯ ಎಡ ಬಲ ಭಾಗಗಳನ್ನು ಬೇರೆ ಬೇರೆ ಚಿತ್ರಗಳಿಂದ ಕಟ್ಟುವ ಬದಲು, ಒಂದೇ ಚಿತ್ರಕ್ಕೆ ಎಣ್ಣೆ ಸವರಿ ಪಾರದರ್ಶಕ ಮಾಡಿ ಮಗುಚಿ ಬಳಸಿದರೆ ಎರಡೂ ಒಂದೇ ಅಳತೆಗೆ ಬರುತ್ತವೆ. ನಕ್ಷೆಯ 1/16 ಇಂಚಿನ ಹಲಗೆಗೆ 1.5 ಮಿ.ಮೀ., 1/8ಕ್ಕೆ 3 ಮಿ.ಮೀ. ಬಳಸಿ; ಆದರೆ ಒಂದರೊಳಗೊಂದು ಕೂರುವ ಕಚ್ಚುಗಳನ್ನು ನಕ್ಷೆಯಂತೆ ಕತ್ತರಿಸದೆ ಕೈಯಲ್ಲಿರುವ ಕಟ್ಟಿಗೆಯ ದಪ್ಪಕ್ಕೆ ಕತ್ತರಿಸಿ. ತಂತಿಯನ್ನು 14 ಗೇಜ್ ಎಂದಿದ್ದರೆ ಅದು 2 ಮಿ.ಮೀ., ಸೈಕಲ್ ಕಡ್ಡಿಯ ದಪ್ಪ.

ಬಾಲ್ಸಾ ಎಂಬ ಹಗುರ ಕಟ್ಟಿಗೆಯನ್ನು ಅಂಚೆಯಲ್ಲಿ ತರಿಸಿಕೊಳ್ಳಬೇಕಾಗುತ್ತದೆ, ಅಗ್ಗವೂ ಅಲ್ಲ. ರೆಕ್ಕೆಗೆ ಆಕಾರ ಕೊಡುವ ಅಡ್ಡ ರಿಬ್ಬುಗಳಿಗೆ ಮತ್ತು ಚಿಕ್ಕ ರೆಕ್ಕೆಗೆ ಅದನ್ನೇ ಬಳಸಿ, ದೊಡ್ಡ ರೆಕ್ಕೆಯ ಉದ್ದದ ತೊಲೆಗಳಿಗೆ ಮಾತ್ರ ಸೀಳಿದ ಬಿದಿರಿನ ತೆಳು ಪಟ್ಟಿ ಅಂಟಿಸಿ ಬಲಪಡಿಸಬಹುದು. ಮೇದಾರರ ಬಳಿ ಗಂಟು ದೂರದೂರ ಇರುವ ಬಿದಿರು ಆರಿಸಿಕೊಳ್ಳಿ. ಆ ತೊಲೆಗಳನ್ನು ಬಿಟ್ಟರೆ ಹಿಂಭಾಗದಲ್ಲಿ ಬೇರೆಲ್ಲಿಯೂ ಬಿದಿರು ಬೇಡ. ಒಣಗಿದ ಮೇಲೆ ಫೆವಿಕಾಲ್ ಸಾಕಷ್ಟು ಗಟ್ಟಿ, ಮೋಟಾರನ್ನು ಬಿಗಿಯುವ ಗೋಡೆಗೆ ಮಾತ್ರ ಅರಾಲ್ಡೈಟ್. ಹೊದಿಕೆಗೆ ಬಿಸಿ ಇಸ್ತ್ರಿಗೆ ಕುಗ್ಗುವ ಪ್ಲಾಸ್ಟಿಕ್ ಹಾಳೆ ಸಿಗುತ್ತದೆ. ಕಪ್ಪು, ಕಡುನೀಲಿ ಬಣ್ಣಗಳು ನಮ್ಮ ಏಪ್ರಿಲ್ ಬಿಸಿಲಿಗೆ ಸಡಿಲಗೊಂಡು ಸುಕ್ಕಾಗುತ್ತವೆ.

ಎಲ್ಲ ಸೇರಿ ತೂಕ 850 ಗ್ರಾಂ ಮೀರದಂತೆ ನೋಡಿಕೊಳ್ಳಿ. ನಕ್ಷೆ ಬರೆದವರ ಕಣ್ಣ ಮುಂದೆ ಇದ್ದದ್ದು ಇಂಗ್ಲೆಂಡಿನ ತಂಪು ಗಾಳಿ. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. 35 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಗಾಳಿ, ಸಮುದ್ರ ಮಟ್ಟದ 15 ಡಿಗ್ರಿಯ ಗಾಳಿಗಿಂತ ಶೇಕಡಾ 13ರಷ್ಟು ವಿರಳ. ಪರಿಣಾಮವಾಗಿ, ಅಲ್ಲಿ ಕನಿಷ್ಠ ಗಂಟೆಗೆ 25 ಕಿ.ಮೀ. ವೇಗದಲ್ಲಿ ತೇಲುತ್ತಿದ್ದ ವಿಮಾನಕ್ಕೆ ಇಲ್ಲಿ 27 ಬೇಕು. ದೊಡ್ಡ ವ್ಯತ್ಯಾಸವೇನಲ್ಲ, ಆದರೆ ಕೈಯಿಂದ ಎಸೆಯುವಾಗ ಅದರ ಅರಿವು ಇರಬೇಕು.

ಕಟ್ಟಿಗೆಗೆ ಕೈ ಹಾಕುವ ಮೊದಲು ಒಂದು ಸಂಜೆ ಕೂತು ತೆಳು ಥರ್ಮಕೋಲಿನಲ್ಲಿ ಮೂರನೇ ಒಂದರ ಅಳತೆಯ ಎಸೆಯುವ ಮಾದರಿಯನ್ನು ಮಾಡಿ: ರೆಕ್ಕೆ 16 ಇಂಚು, ತೂಕದ ಕೇಂದ್ರ ಮುಂಅಂಚಿಗಿಂತ 36 ಮಿ.ಮೀ. ಮುಂದೆ. ಫೆವಿಕ್ವಿಕ್ ತಾಗಿಸಬೇಡಿ, ಥರ್ಮಕೋಲ್ ಕರಗಿಹೋಗುತ್ತದೆ. ಮೂತಿಗೆ ಸಿಕ್ಕಿಸಿದ ಮೊಳೆಯನ್ನು ಹಿಂದೆ ಮುಂದೆ ಸರಿಸಿ ಎಸೆಯುತ್ತಾ ಹೋದರೆ, ನಾನು ಮೇಲೆ ಬರೆದದ್ದನ್ನೆಲ್ಲ ಅದು ಹತ್ತು ನಿಮಿಷದಲ್ಲಿ ನಿಮಗೆ ತೋರಿಸಿಕೊಡುತ್ತದೆ.

ಪ್ರಶ್ನೆ: ನಾವಿಬ್ಬರು ಗೆಳೆಯರು ಚಳ್ಳಕೆರೆಯಲ್ಲಿ ಡಿಪ್ಲೊಮಾ ಓದುತ್ತಿದ್ದೇವೆ. ಇಂಥದೇ ಕನಾರ್ಡ್ ಮಾದರಿಯನ್ನು ಕಟ್ಟಿದ್ದೇವೆ, 900 ಗ್ರಾಂ ತೂಗುತ್ತದೆ. ಸುತ್ತ ಕಾವಲು ಭೂಮಿ ಬಯಲಾಗಿ ಬಿದ್ದಿದೆ. ಅಲ್ಲಿ ಹಾರಿಸಬಹುದೇ, ಲೈಸೆನ್ಸ್ ಬೇಕೇ?

ಉತ್ತರ: ಬಯಲಾಗಿದೆ ಎಂದ ಮಾತ್ರಕ್ಕೆ ಅದರ ಮೇಲಿನ ಆಕಾಶವೂ ಖಾಲಿ ಎಂದಲ್ಲ, ನಿಮ್ಮ ತಾಲ್ಲೂಕಿನಲ್ಲಂತೂ ಅಲ್ಲವೇ ಅಲ್ಲ. 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ನಿಮ್ಮ ಪಕ್ಕದಲ್ಲೇ ಇದೆ. ಬಾಲವೇ ಇಲ್ಲದ ಮಾನವರಹಿತ ವಿಮಾನವೊಂದು 2022ರ ಜುಲೈ 1ರಂದು ಮೊದಲು ಹಾರಿದ್ದು ಅಲ್ಲಿಂದ. 2023ರ ಏಪ್ರಿಲ್ 2ರಂದು ಇಸ್ರೊ ಹೆಲಿಕಾಪ್ಟರಿನಿಂದ ಬಿಟ್ಟ ರೆಕ್ಕೆಯುಳ್ಳ ವಾಹನ ತಾನಾಗಿ ಬಂದು ಇಳಿದದ್ದೂ ಅದೇ ರನ್‌ವೇ ಮೇಲೆ. ವಿಚಿತ್ರ ಆಕಾರದ ವಿಮಾನಗಳಿಗೆ ನಿಮ್ಮೂರು ಹೊಸದಲ್ಲ ಎಂದು ಹೆಮ್ಮೆಪಡಿ, ಆದರೆ ನಿಮ್ಮದನ್ನು ಅಲ್ಲಿಗೆ ಒಯ್ಯಬೇಡಿ.

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿ 2 ಕಿಲೊವರೆಗಿನದು ‘ಮೈಕ್ರೊ’ ವರ್ಗ. ವ್ಯಾಪಾರಕ್ಕಲ್ಲದೆ ಹಾರಿಸುವವರಿಗೆ ಈ ವರ್ಗದಲ್ಲಿ ಪೈಲಟ್ ಪ್ರಮಾಣಪತ್ರ ಬೇಕಿಲ್ಲ, ಆದರೆ ವಿಮಾನಕ್ಕೆ ನೋಂದಣಿ ಸಂಖ್ಯೆ ಬೇಕು. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ಬಣ್ಣದ ವಲಯದಲ್ಲಿ 120 ಮೀಟರ್ ಎತ್ತರದವರೆಗೆ ಅನುಮತಿ ಕೇಳಬೇಕಾಗಿಲ್ಲ; ಹಳದಿಯಲ್ಲಿ ವಿಮಾನ ಸಂಚಾರ ನಿಯಂತ್ರಣದವರ, ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಬೇಕು. ಹೊರಡುವ ದಿನವೇ ನೀವು ನಿಲ್ಲುವ ಜಾಗವನ್ನು ಆ ನಕ್ಷೆಯಲ್ಲಿ ನೋಡಿ, ಹೊಲದ ಯಜಮಾನರನ್ನೂ ಕೇಳಿ.

ಜಾಗ ಸಿಕ್ಕ ಮೇಲೆ ಕಾಲವನ್ನೂ ಆರಿಸಿಕೊಳ್ಳಬೇಕು. ಆಷಾಢದ ಗಾಳಿಯಲ್ಲಿ ಜೋಗಿಮಟ್ಟಿಯ ಗಾಳಿಯಂತ್ರಗಳು ತಿರುಗುತ್ತಿರುವಾಗ ಹೊಸ ಮಾದರಿಯನ್ನು ಮನೆಯಲ್ಲೇ ಇಡಿ. ಚಳಿಗಾಲದ ಬೆಳಗಿನ ಏಳು ಗಂಟೆ ಇದಕ್ಕೆ ಹೇಳಿಮಾಡಿಸಿದ ಹೊತ್ತು. ಮೆಕ್ಕೆಜೋಳ ಕೊಯ್ದ ಹೊಲ ಸಮತಟ್ಟಾಗಿ ಕಂಡರೂ ಅದರ ಕೂಳೆ ರೆಕ್ಕೆಯ ಹೊದಿಕೆಯನ್ನು ಸೀಳಿಹಾಕುತ್ತದೆ, ಹುಲ್ಲು ಇರುವ ನೆಲವೇ ಬೇಕು. ಎಸೆಯುವಾಗ ಒಂದು ವಿಷಯದಲ್ಲಿ ಬಹಳ ಎಚ್ಚರವಿರಲಿ: ಪ್ರೊಪೆಲ್ಲರ್ ಹಿಂದಿರುವುದರಿಂದ ವಿಮಾನ ಕೈಬಿಟ್ಟ ಮೇಲೆ ಅದು ಎಸೆದವರ ಬೆರಳುಗಳ ಪಕ್ಕದಲ್ಲೇ ಹಾದುಹೋಗುತ್ತದೆ. ಮೋಟಾರ್ ನಿಂತಿರುವಾಗಲೇ ಒಬ್ಬರು ಗಾಳಿಗೆ ಎದುರಾಗಿ ಬಲವಾಗಿ, ನೆಲಕ್ಕೆ ಸಮಾನಾಂತರವಾಗಿ ಎಸೆಯಲಿ. ವಿಮಾನ ಕೈಯಿಂದ ದೂರ ಸರಿದ ಮೇಲೆ ಇನ್ನೊಬ್ಬರು ಮೋಟಾರ್ ಚಾಲೂ ಮಾಡಲಿ.

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಶಿಕ್ಷಕಿ. ನನ್ನ ಮಗ ಹಳೆಯ ನಕ್ಷೆ ನೋಡಿ ಮುಂದೆ ಚಿಕ್ಕ ರೆಕ್ಕೆಯಿರುವ ವಿಮಾನವನ್ನು ಕಟ್ಟಿದ. ಮೋಟಾರ್ ಇಲ್ಲದೆ ಎಸೆದಾಗ ಚೆನ್ನಾಗಿ ತೇಲಿತು. ಮೋಟಾರ್ ಚಾಲೂ ಮಾಡಿ ಎಸೆದು, ಮೇಲೇರಿಸಲು ಕೋಲನ್ನು ಹಿಂದಕ್ಕೆ ಎಳೆದ ಕೂಡಲೇ ನೆಲಕ್ಕೆ ಮೂತಿ ಕುಟ್ಟಿತು. ಮೂತಿಯ ತೂಕ ಹೆಚ್ಚಾಯಿತೆಂದು ಅವನು ಬ್ಯಾಟರಿಯನ್ನು ಹಿಂದಕ್ಕೆ ಸರಿಸಲು ಹೊರಟಿದ್ದಾನೆ. ಸರಿಯೇ?

ಉತ್ತರ: ದಯವಿಟ್ಟು ತಡೆಯಿರಿ, ಅಮ್ಮಾ. ಮೋಟಾರ್ ಇಲ್ಲದೆ ಚೆನ್ನಾಗಿ ತೇಲಿದ ವಿಮಾನದ ತೂಕ ಸರಿಯಾಗಿಯೇ ಇದೆ; ಬ್ಯಾಟರಿಯನ್ನು ಹಿಂದಕ್ಕೆ ಸರಿಸಿದರೆ ಇರುವ ಒಂದು ತಪ್ಪಿಗೆ ಇನ್ನೊಂದು ಸೇರುತ್ತದೆ. ನೀವು ಬರೆದ ಕ್ರಮವನ್ನು ನೋಡಿದರೆ ಎಲಿವೇಟರ್ ಉಲ್ಟಾ ಆಗಿರುವುದೇ ಕಾರಣ. ಸಾಮಾನ್ಯ ವಿಮಾನದಲ್ಲಿ ಕೋಲು ಹಿಂದಕ್ಕೆ ಎಳೆದರೆ ಬಾಲದ ಎಲಿವೇಟರ್ ಮೇಲೇಳುತ್ತದೆ, ಬಾಲ ತಗ್ಗಿ ಮೂತಿ ಏರುತ್ತದೆ. ಆದರೆ ಎಲಿವೇಟರ್ ಮೂತಿಯಲ್ಲೇ ಇರುವಾಗ ಅದು ಮೂತಿಯನ್ನು ನೇರವಾಗಿ ಮೇಲಕ್ಕೆತ್ತಬೇಕು, ಆದ್ದರಿಂದ ಅದರ ಹಿಂಅಂಚು ಕೆಳಗೆ ಬಾಗಬೇಕು. ಮಗ ಬೇರೆ ವಿಮಾನಗಳನ್ನು ಹಾರಿಸಿ ರೂಢಿಯಿದ್ದವನಾದರೆ ಕೈಯ ಅಭ್ಯಾಸದಿಂದಲೇ ತಪ್ಪು ದಿಕ್ಕಿಗೆ ಜೋಡಿಸಿರುತ್ತಾನೆ. ಈ ಎಡವಟ್ಟನ್ನು ಅನುಭವಸ್ಥರೂ ಮಾಡುತ್ತಾರೆ, ನಾನೂ ಮಾಡಿದ್ದೇನೆ.

ರೇಡಿಯೊದಲ್ಲಿ ಆ ಚಾನೆಲ್ಲಿನ ದಿಕ್ಕನ್ನು ತಿರುಗಿಸುವ ಸ್ವಿಚ್ ಅಥವಾ ಆಯ್ಕೆ ಇರುತ್ತದೆ, ಅದನ್ನು ಬದಲಾಯಿಸಿದರೆ ಸಾಕು, ಏನನ್ನೂ ಬಿಚ್ಚಬೇಕಾಗಿಲ್ಲ. ಆಮೇಲೆ ವಿಮಾನದ ಹಿಂದೆ ನಿಂತು ಕೋಲನ್ನು ಹಿಂದಕ್ಕೆ ಎಳೆಯಲು ಹೇಳಿ, ಮುಂದಿನ ರೆಕ್ಕೆಯ ಪಟ್ಟಿ ಕೆಳಗೆ ಬಾಗುವುದನ್ನು ನೀವೇ ಕಣ್ಣಾರೆ ನೋಡಿ. ಬಲಕ್ಕೆ ತಿರುಗಿಸಿದಾಗ ಬಲ ಏಲರಾನ್ ಮೇಲೇಳಬೇಕು, ಅದರಲ್ಲಿ ಸಾಮಾನ್ಯ ವಿಮಾನಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಮುರಿದ ಮೂತಿಯನ್ನು ಅಂಟಿಸುವಾಗ ಮುಂದಿನ ರೆಕ್ಕೆಯ ಓರೆ ಮೊದಲಿನಷ್ಟೇ ಇದೆಯೇ ಎಂದು ಅಳೆಯಿರಿ. ಅಂಟು ಮತ್ತು ತೇಪೆಗಳಿಂದ ಮೂತಿ ಹತ್ತಿಪ್ಪತ್ತು ಗ್ರಾಂ ಹೆಚ್ಚಿರುತ್ತದೆ. ಬ್ಯಾಟರಿಯನ್ನು ಸರಿಸುವ ಕೆಲಸವೇನಾದರೂ ಇದ್ದರೆ ಅದು ಆಗ, ತೂಕದ ಕೇಂದ್ರ ಹಳೆಯ ಗುರುತಿಗೆ ಮರಳಿ ಬರುವಷ್ಟು ಮಾತ್ರ.